ಬಾರ್ಜ್ ತಳದ ಪ್ಲೇಟ್ ಬದಲಿಸಾಕ ಐಟಿಐ ಸರ್ಟಿಫಿಕೇಟ್ ಸಾಕೇನ್ರಿ?

ಗೋಕುಲ_ಫ್ಯಾಬ್:
ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಟ್ರೇಲರ್, ನೀರಿನ ಟ್ಯಾಂಕರ್ ಮಾಡ್ತೀವಿ. ಕಾರವಾರ ಕಡೆಯಿಂದ ಸ್ಟೀಲ್ ಬಾರ್ಜ್ (ಸರಕು ಸಾಗಿಸೂ ಚಪ್ಪಟೆ ತಳದ ದೋಣಿ) ರಿಪೇರಿ ಕೇಳ್ಯಾರ. ತಳಕ್ಕ, ಬದಿಗೆ ಸವೆದ 8 ಎಂಎಂ ಪ್ಲೇಟ್ ಕತ್ತರಿಸಿ ಹೊಸಾದು ಕೂಡಿಸೂದು. ಐಆರ್‌ಎಸ್ (ಹಡಗು ತಪಾಸಣೆ ಮಾಡಿ ದರ್ಜೆ ಕೊಡೂ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್) ಕ್ಲಾಸಿನ ಬಾರ್ಜ್, ಸರ್ಟಿಫೈಡ್ ವೆಲ್ಡರ್ ಬೇಕಂತ. ಹುಡುಗರ ಕಡೆ ಐಟಿಐ ಸರ್ಟಿಫಿಕೇಟ್ ಅದಾವು.

ಆರ್ಕ್_ಧಾರವಾಡ:
ಸಾಕಾಗೂದಿಲ್ರಿ. ಐಟಿಐ ಅಂದ್ರ ಕಲಿತಾನ ಅಂತ ಅಷ್ಟ. ಐಆರ್‌ಎಸ್ ಸರ್ವೇಯರ್ ಕೇಳೂದು ಎರಡು: ವೆಲ್ಡಿಂಗ್ ಪ್ರೊಸೀಜರ್ (ಡಬ್ಲ್ಯುಪಿಎಸ್, ವೆಲ್ಡ್ ಹೆಂಗ ಮಾಡಬೇಕಂತ ಬರೆದ ಕಾಗದ) ಪಾಸ್ ಆಗೇತೇನು, ಆ ವೆಲ್ಡರ್ ಅದೇ ಪೊಸಿಷನ್ನಿನ್ಯಾಗ ಪಾಸ್ ಆಗ್ಯಾನೇನು. ವೆಲ್ಡರ್ ಟೆಸ್ಟ್ ಐಎಸ್‌ಒ 9606-1 (ಸ್ಟೀಲ್ ವೆಲ್ಡರ್ ಟೆಸ್ಟಿನ ಸ್ಟ್ಯಾಂಡರ್ಡ್) ಪ್ರಕಾರ ಮಾಡ್ಸಬಹುದು, ಆದ್ರ ಯಾವ ಕಾಗದ ಒಪ್ತಾರ ಅಂತ ಕೆಲಸ ಹಿಡಿಯೂ ಮುಂಚೆನ ಸರ್ವೇಯರ್ ಕಡೆಯಿಂದ ಬರೆಸಿಕೊಳ್ರಿ.

ತಳದ ಪ್ಲೇಟ್ ಅಂದ್ರ ತಲಿ ಮ್ಯಾಲೆ ವೆಲ್ಡಿಂಗ್, ಆ ಪೊಸಿಷನ್ನಿನ ಕೋಡ್ ಪಿಇ. ಬದಿಗೆ ಕೆಳಗಿಂದ ಮ್ಯಾಲೆ ಏರ್ಸೂದು, ಪಿಎಫ್. ಪಿಇ ಪಾಸಾದವನಿಗೆ ಪಿಎಫ್ ತಾನಾಗೇ ಬರೂದಿಲ್ಲ, ಎರಡೂ ಟೆಸ್ಟ್ ಕೊಡ್ಸ್ರಿ. ಫಿಲೆಟ್ (ಮೂಲಿ ಜೋಡಣೆ) ಟೆಸ್ಟ್ ಕೊಟ್ಟವ ಬಟ್ ಜಾಯಿಂಟ್ (ಅಂಚಿಗೆ ಅಂಚು ಕೂಡಿಸೂದು) ಮುಟ್ಟಂಗಿಲ್ಲ. ಟೆಸ್ಟ್ ಪ್ಲೇಟ್ 12 ಎಂಎಂ ತಗೊಂಡು ಕನಿಷ್ಠ 3 ಲೇಯರ್ ಹಾಕ್ಸಿದ್ರ 3 ಎಂಎಂದಿಂದ ಮ್ಯಾಲೆ ಎಲ್ಲಾ ದಪ್ಪಕ್ಕೂ ನಡೀತೈತಿ. 8 ಎಂಎಂದಾಗ ಮಾಡ್ಸಿದ್ರ 16ಕ್ಕ ನಿಂತ್ತು. ಖರ್ಚಿನ್ಯಾಗ ದೊಡ್ಡ ಫರಕ್ ಇಲ್ಲ.

ವೆಲ್ಡರ್ ಆ ಕೆಲಸ ಮಾಡ್ತಾ ಅದಾನ ಅಂತ 6 ತಿಂಗಳಿಗೊಮ್ಮೆ ಅವನ ಟೆಸ್ಟ್ ಪಾಸ್ ಕಾರ್ಡಿನ ಮ್ಯಾಲೆ ಸಹಿ ಹಾಕ್ರಿ. ಅದ ಮರೆತ ಎಷ್ಟೋ ಕಾರ್ಡ್ ಸಾಯ್ತಾವ.

ಪ್ಲೇಟ್_ಗದಗ:
ವೆಲ್ಡರ್ ಬಗ್ಗೆ ಅಷ್ಟು ಸರಿ. ಮಾಲು? ಟ್ರೇಲರಿಗೆ ತರೂ ಐಎಸ್ 2062 (ಸಾದಾ ಸ್ಟ್ರಕ್ಚರಲ್ ಸ್ಟೀಲ್) ಪ್ಲೇಟ್ ಅಲ್ಲಿ ನಡಿಯೂದಿಲ್ಲ. ಕ್ಲಾಸ್ ಒಪ್ಪಿದ ಗ್ರೇಡ್ ಎ (ಹಡಗಿನ ಸ್ಟೀಲ್) ಪ್ಲೇಟ್, ಮಿಲ್ ಸರ್ಟಿಫಿಕೇಟ್ ಸಮೇತ ಬೇಕು. ಕತ್ತರಿಸೋ ಮೊದಲ ಹೀಟ್ ನಂಬರ್ (ಮಿಲ್ ಸರ್ಟಿಫಿಕೇಟಿಗೆ ಹೊಂದೂ ಪ್ಲೇಟಿನ ನಂಬರ್) ಉಳಿದ ತುಂಡಿಗೂ ಪಂಚ್ ಹೊಡೀರಿ. ಇಲ್ಲಾಂದ್ರ ಆ ತುಂಡು ಗುಜರಿ.

ತೂತಿನ ಮ್ಯಾಲೆ ಪಟ್ಟಿ ಇಟ್ಟು ಸುತ್ತ ವೆಲ್ಡ್ ಹೊಡಿಯೂ ಟ್ಯಾಂಕರ್ ಚಾಳಿ ಬಿಡ್ರಿ. ನಡಕ ನೀರು ಕೂತು ತುಕ್ಕು ತಿಂತದ. ಅದನ್ನ ಪರ್ಮನೆಂಟ್ ರಿಪೇರಿ ಅಂತ ತಗೊಳ್ಳೂದಿಲ್ಲ. ಕತ್ತರಿಸಿದ ಜಾಗಕ್ಕ ಕೂಡಿಸೂ ಹೊಸ ತುಂಡು (ಇನ್ಸರ್ಟ್) ಕನಿಷ್ಠ 300×300 ಎಂಎಂ ಇರ್ಲಿ, ಮೂಲೆ ಗುಂಡಗ, ತ್ರಿಜ್ಯ ದಪ್ಪದ 5 ಪಟ್ಟು, ಆದ್ರ 100 ಎಂಎಂಗಿಂತ ಕಡಿಮಿ ಬ್ಯಾಡ. ಚೂಪ ಮೂಲೀಲಿಂದನ ಕ್ರ್ಯಾಕ್ ಹುಟ್ಟೂದು. ಇ7018 (ಕಡಿಮಿ ಹೈಡ್ರೋಜನ್ನಿನ) ವೆಲ್ಡಿಂಗ್ ರಾಡ್ 300–350 ಡಿಗ್ರಿಗೆ 1–2 ತಾಸು ಬೇಯಿಸಿ, ಬಿಸಿ ಕ್ವಿವರ್‌ (ರಾಡ್ ಬಿಸಿ ಇಡೂ ಡಬ್ಬಿ)ನ್ಯಾಗ ಇಟ್ಟು ಬಳಸ್ರಿ. ಕರಾವಳಿ ತೇವಕ್ಕ ತೆರೆದಿಟ್ಟ ರಾಡ್ ಹೈಡ್ರೋಜನ್ ಬಿಟ್ಟು ವೆಲ್ಡ್ ಬಾಜೂಕ ಬಿರುಕು ತರ್ತದ.

ಗೋಕುಲ_ಫ್ಯಾಬ್:
ಇದ ಕಾರ್ಡ್ ಮ್ಯಾಲೆ ಅಲ್ಯೂಮಿನಿಯಂ ಬೋಟೂ ಮಾಡಬಹುದೇನ್ರಿ?

ಆರ್ಕ್_ಧಾರವಾಡ:
ಇಲ್ರಿ, ಅದಕ್ಕ 9606-2 ಬ್ಯಾರೆ. 5083 ಅಲ್ಯೂಮಿನಿಯಂ ಪ್ಲೇಟಿಗೆ 5183 ವೆಲ್ಡಿಂಗ್ ವೈರ್, ಶುದ್ಧ ಆರ್ಗಾನ್ ಗ್ಯಾಸ್. ಸ್ಟೀಲಿಗೆ ತಿಕ್ಕಿದ ಬ್ರಷ್ ಅಲ್ಯೂಮಿನಿಯಮ್ಮಿಗೆ ಮುಟ್ಟಿಸಬ್ಯಾಡ್ರಿ.