ಕೊಳಲಿಗೆ ಹಾರ್ಪ್ ಜೊತೆ ಕೂಡುತ್ತಾ?

ಮೈಸೂರ್_ವೇಣು: ಅಣ್ಣನ ಮಗಳು ಇಂಗ್ಲೆಂಡಿನಲ್ಲಿ ಹಾರ್ಪ್ ಕಲಿಯುತ್ತಿದ್ದಾಳೆ, ಬೆರಳಲ್ಲಿ ತಂತಿ ಮೀಟುವ ಪಾಶ್ಚಾತ್ಯ ವಾದ್ಯ. ಆಳೆತ್ತರದ್ದು, ಪೆಡಲ್ ಇರುವಂಥದ್ದು. ನಾನು ನುಡಿಸುವುದು ಕರ್ನಾಟಕ ಸಂಗೀತದ ಕೊಳಲು. ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತಿದ್ದೇನೆ. "ಅತ್ತೆ, ಇಬ್ಬರೂ ಸೇರಿ ನುಡಿಸೋಣ" ಅಂತ ಈಗಲೇ ಗಂಟುಬಿದ್ದಿದ್ದಾಳೆ. ಹಾರ್ಪಿನಲ್ಲಿ ಗಮಕ, ಅಂದರೆ ಸ್ವರವನ್ನು ಜಾರಿಸಿ ತೂಗಿಸುವುದು, ಬರುವುದಿಲ್ಲ ಅಲ್ವಾ? ಯಾವ ರಾಗ ಹಿಡಿಯಲಿ? ಮೋಹನ, ಹಂಸಧ್ವನಿ ಅಂತ ಮಾತ್ರ ಹೇಳಬೇಡಿ, ಅದು ನನಗೂ ಹೊಳೆದಿದೆ.

ಏಳು_ಪೆಡಲ್: ಗಮಕದ ಆಸೆ ಬಿಡಿ. ಅದು ನಿಮ್ಮ ಪಾಲಿಗಿರಲಿ. ಆದರೆ ಏಳೂ ಸ್ವರ ಇರುವ ಮೇಳರಾಗ ಕೂರಿಸೋಕೆ ಹಾರ್ಪ್ ಹೇಳಿ ಮಾಡಿಸಿದ ಹಾಗಿದೆ. 47 ತಂತಿ, 7 ಪೆಡಲ್, ಸ್ವರಕ್ಕೊಂದು. ಒಂದು ಪೆಡಲ್ ಒತ್ತಿದರೆ ಆ ಸ್ವರದ ತಂತಿಗಳು ಎಲ್ಲ ಸ್ಥಾಯಿಯಲ್ಲೂ ಒಟ್ಟಿಗೆ ಅರ್ಧ ಸ್ವರ ಏರುತ್ತವೆ. ಶುಭಪಂತುವರಾಳಿ ನೋಡಿ. ಸಿತಾರ್ ವಾದಕ ರವಿಶಂಕರ್ ಕೊಳಲು-ಹಾರ್ಪಿಗೆ ಅಂತಲೇ ತೋಡಿಯಲ್ಲಿ 'ಲೋಬ್ ಆಂಶಾಂತೆ' ಅನ್ನೋ ಕೃತಿ ಮಾಡಿದ್ದಾರೆ. ಫ್ರಾನ್ಸಿನ ಕೊಳಲು ವಾದಕ ರಾಂಪಾಲ್ ನುಡಿಸಿದ್ದು ಸಿಗುತ್ತೆ. ಹಿಂದೂಸ್ತಾನಿಯವರ ತೋಡಿ ಅಂದರೆ ನಮ್ಮ ಶುಭಪಂತುವರಾಳಿಯ ಸ್ವರಗಳೇ. ನಿಮ್ಮ ಕೊಳಲು ಯಾವ ಶ್ರುತಿ?

ಪಿಟೀಲು_ಮಾಮ: ಮೊದಲು ಮೊಜಾರ್ಟ್ ಕೇಳಮ್ಮ. 1778ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ಕೊಳಲು-ಹಾರ್ಪ್ ಕನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ಇವೆರಡೇ ಮುಖ್ಯವಾಗಿ ನುಡಿಯುವ ಕೃತಿ. ಬರೆಸಿದ ಡ್ಯೂಕ್ ಕೊಳಲು ನುಡಿಸುತ್ತಿದ್ದ, ಮಗಳು ಹಾರ್ಪ್. ಹೆಚ್ಚುಕಡಿಮೆ ನಿಮ್ಮ ಮನೆಯದೇ ಕಥೆ. ದುಡ್ಡು ಕೊಡೋಕೆ ಮಾತ್ರ ಆಸಾಮಿ ಸತಾಯಿಸಿದ! ರಾಂಪಾಲ್, ಹಾರ್ಪ್ ವಾದಕಿ ಲಿಲಿ ಲಾಸ್ಕಿನ್ ಜೋಡಿಯ ರೆಕಾರ್ಡಿಂಗ್ ಹುಡುಕಿ. ನಡುವಿನ ಭಾಗದಲ್ಲಿ ಓಬೋ, ಹಾರ್ನ್ ಅನ್ನೋ ಊದುವ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಇವೆರಡರ ಮಾತುಕತೆ ಅಲ್ಲೇ ಚೆನ್ನಾಗಿ ಕೇಳುತ್ತೆ.

ಮೈಸೂರ್_ವೇಣು: ಮಾಮ, ಈಗಷ್ಟೇ ಹಾಕಿದೆ. ಹಾರ್ಪ್ ಇಷ್ಟು ಚುರುಕಾಗಿ ಓಡುತ್ತೆ ಅಂದುಕೊಂಡಿರಲಿಲ್ಲ! ನನ್ನ ಕೊಳಲು ಜಿ ಶ್ರುತಿ, ಅಂದರೆ ಪಾಶ್ಚಾತ್ಯರ ಜಿ ಸ್ವರವೇ ನನ್ನ ಸಾ.

ಏಳು_ಪೆಡಲ್: ಹಾಗಾದರೆ ಹುಡುಗಿಗೆ ಇಷ್ಟು ಬರೆದು ಕಳಿಸಿ: ಎ, ಬಿ, ಇ ಪೆಡಲ್ ಮೇಲೆ. ಸಿ, ಎಫ್ ಕೆಳಗೆ. ಜಿ, ಡಿ ನಡುವೆ. ಶುಭಪಂತುವರಾಳಿ ರೆಡಿ. ಆಲಾಪನೆಗೆ ಅವಳು ಬರೀ ಸಾ-ಪಾ ಮೀಟುತ್ತಿರಲಿ, ತಂಬೂರಿಯ ಹಾಗೆ. ನಿಮ್ಮ ಗಮಕದ ಹಿಂದೆ ಓಡೋದು ಬೇಡ. ಇನ್ನೊಂದು: ಹಾರ್ಪಿನ ದಪ್ಪ ತಂತಿಗಳ ನಾದ ಬೇಗ ಆರಲ್ಲ. ಅಂಗೈಯಿಂದ ಮುಚ್ಚದಿದ್ದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ಮಧ್ಯ ಸ್ಥಾಯಿಯ ಕೆಳಗೆ ಜಾಸ್ತಿ ಇಳಿಯಬೇಡ ಅನ್ನಿ.

ಮೈಸೂರ್_ವೇಣು: ಕಳಿಸಿದೆ. "ಅತ್ತೆ, ಈ ಸ್ಕೇಲ್ ಸಖತ್ ವಿಚಿತ್ರ" ಅಂತ ಉತ್ತರ ಬಂತು. ತಾಳಕ್ಕೆ ಆದಿಯೇ ಸಾಕು ಅಲ್ವಾ?