ಸುಸ್ತಾದ ನರ್ಸ್ ಕೈಯಲ್ಲಿ ಜೀವ ಹೋದರೆ ಕೇಸು ಯಾರ ಮೇಲೆ?

ಕೇಳಿದವರು: ಸ್ಟಾಫ್ ನರ್ಸ್ ನಾನು. ನೈಟ್ ಡ್ಯೂಟಿಗೆ ಇಡೀ ವಾರ್ಡಿಗೆ ಒಬ್ಬಳೇ, ಬೆಳಿಗ್ಗೆ ಬದಲಿ ಬರದಿದ್ದರೆ ಮುಂದಿನ ಡ್ಯೂಟಿಯೂ ನನ್ನದೇ. ಈ ಸುಸ್ತಿನಲ್ಲಿ ಔಷಧಿ ಅದಲುಬದಲಾಗಿ ರೋಗಿ ತೀರಿಕೊಂಡರೆ ಸಿಕ್ಕಿಬೀಳೋದು ನಾನೋ, ಆಸ್ಪತ್ರೆಯೋ? ಗೊತ್ತಿದ್ದವರು ಹೇಳಿ.

ನಿವೃತ್ತ ವಾರ್ಡ್ ಇನ್‌ಚಾರ್ಜ್: ಸಿಸ್ಟರ್, ಪರಿಹಾರದ ದಾವೆಯಾದರೆ ಸಾಮಾನ್ಯವಾಗಿ ಆಸ್ಪತ್ರೆ ಹೊಣೆ. ಕ್ರಿಮಿನಲ್ ಕೇಸಾದರೆ ಮೊದಲು ಕೇಳೋದು ಇಂಜೆಕ್ಷನ್ ಕೊಟ್ಟವರು ಯಾರು ಅಂತ. ಆಗ ‘ಜನ ಸಾಲದು ಅಂತ ಎಷ್ಟು ಸಲ ಹೇಳಿದ್ದೆ’ ಅಂದರೆ ಯಾರೂ ನಂಬಲ್ಲ. ನಾನು ಕೆಲಸಕ್ಕೆ ಕೂರುವ ಮೊದಲೇ ಚೀಟಿ ಬರೆಯುತ್ತಿದ್ದೆ: ಈ ಹೊತ್ತಿಗೆ ರೋಗಿಗಳು ಇಷ್ಟು, ವೆಂಟಿಲೇಟರ್ ಮೇಲೆ ಇಷ್ಟು, ನರ್ಸ್ ಒಬ್ಬಳು, ಇನ್ನೊಬ್ಬರನ್ನು ಕಳಿಸಿ. ಮೇಲಿನವರ ಸಹಿ, ಸಮಯ ಹಾಕಿಸಿ ನಕಲು ಇಟ್ಟುಕೊಳ್ಳುತ್ತಿದ್ದೆ. ಮುಖ ಗಂಟಿಕ್ಕುತ್ತಿದ್ದರು, ಇರಲಿ. ಡ್ಯೂಟಿ ಬೇಡ ಅನ್ನೋದಿದ್ದರೆ ಹ್ಯಾಂಡೋವರ್, ಅಂದರೆ ಹಿಂದಿನ ಪಾಳಿಯವರಿಂದ ರೋಗಿಗಳ ಹೊಣೆ, ತೆಗೆದುಕೊಳ್ಳುವ ಮುಂಚೆ ಅನ್ನಿ. ತೆಗೆದುಕೊಂಡ ಮೇಲೆ ಎದ್ದು ಹೋದರೆ ಅದೇ ಬೇರೆ ಆರೋಪ.

ಐಸಿಯು ನರ್ಸ್: ಅಮೆರಿಕದ ನರ್ಸ್ ರಡೊಂಡಾ ವಾಟ್ ಕೇಸು ಓದಿ. 2017ರಲ್ಲಿ ನಿದ್ದೆ ಬರಿಸುವ ವರ್ಸೆಡ್ ಬದಲು ಸ್ನಾಯುಗಳನ್ನೇ ನಿಲ್ಲಿಸುವ ವೆಕ್ಯುರೋನಿಯಂ ಕೊಟ್ಟರು, ರೋಗಿ ತೀರಿಕೊಂಡರು. ಔಷಧಿ ಯಂತ್ರದಲ್ಲಿ ಹೆಸರಿನ ಮೊದಲ ಎರಡಕ್ಷರ ‘ವಿ ಇ’ ಒತ್ತಿ, ತಡೆಯನ್ನು ಓವರ್‌ರೈಡ್ ಮಾಡಿ ತೆಗೆದದ್ದು. ಒಂದು ದ್ರವ, ಇನ್ನೊಂದು ಪುಡಿ. ಪುಡಿ ಕಲಸುವಾಗಲೂ ನಿಲ್ಲಿಸಿ ಹೆಸರು ನೋಡಲಿಲ್ಲ. 2022ರಲ್ಲಿ ಮೂರು ವರ್ಷದ ಪ್ರೊಬೇಷನ್, ಅಂದರೆ ಜೈಲಿನ ಬದಲು ನಿಗಾದಲ್ಲಿರುವ ಶಿಕ್ಷೆ. ತಪ್ಪನ್ನು ಅವರೇ ತಕ್ಷಣ ಒಪ್ಪಿಕೊಂಡಿದ್ದರು. ಆದರೂ ಕ್ರಿಮಿನಲ್ ಕೇಸು ಅವರೊಬ್ಬರ ಮೇಲೆ, ಆಸ್ಪತ್ರೆ ಮೇಲಲ್ಲ. ಅದಕ್ಕೇ, ಪ್ರಮಾಣ ತಪ್ಪಿದರೆ ಜೀವಕ್ಕೇ ಕುತ್ತಾಗುವ ಪೊಟ್ಯಾಸಿಯಂ, ಇನ್ಸುಲಿನ್‌ಗೆ ನಾನು ಎಷ್ಟೇ ಗಡಿಬಿಡಿ ಇದ್ದರೂ ಎರಡನೇ ಕಣ್ಣು, ಅಂದರೆ ಕೊಡುವ ಮುಂಚೆ ಪರೀಕ್ಷಿಸುವ ಇನ್ನೊಬ್ಬರನ್ನು, ಹುಡುಕುತ್ತೇನೆ. ಆದರೆ ಒಬ್ಬಳೇ ಇರುವ ವಾರ್ಡಿನಲ್ಲಿ ಎರಡನೇ ಕಣ್ಣು ಎಲ್ಲಿಂದ ತರೋದು? ಆಸ್ಪತ್ರೆಯ ನಿಜವಾದ ಹೊಣೆ ಇರೋದು ಅಲ್ಲೇ.

ಮಕ್ಕಳ ವಾರ್ಡಿನವರು: ಬ್ರಿಟನ್ನಿನದೂ ಹಾಗೇ. 2011ರಲ್ಲಿ ಲೆಸ್ಟರ್‌ನಲ್ಲಿ ಆರು ವರ್ಷದ ಮಗು ತೀರಿಕೊಂಡಿತು. ಅವತ್ತು ಸಿಬ್ಬಂದಿ ಕೊರತೆ, ಕಂಪ್ಯೂಟರೂ ಕೈಕೊಟ್ಟಿತ್ತು. ಆದರೂ 2015ರಲ್ಲಿ ಡಾಕ್ಟರಿಗೂ ನರ್ಸಿಗೂ ಶಿಕ್ಷೆಯಾಯಿತು. ಡಾಕ್ಟರ ಪರ ವೈದ್ಯರು ಹಣ ಕೂಡಿಸಿದರು, 2018ರಲ್ಲಿ ಅವರ ರದ್ದಾಗಿದ್ದ ವೈದ್ಯ ನೋಂದಣಿ ವಾಪಸ್ ಬಂತು. ನರ್ಸ್ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಕಾನೂನು ಓದಿದ ನರ್ಸ್: ಅನಾಹುತವಾದ ಮೇಲೆ ಕೇಸ್ ಶೀಟ್ ತಿದ್ದಲೇಬೇಡಿ; ತಪ್ಪು ಕ್ಷಮಿಸಿದರೂ ತಿದ್ದಿದ್ದನ್ನು ಕ್ಷಮಿಸಲ್ಲ. ಬಿಟ್ಟುಹೋದದ್ದನ್ನು ‘ತಡವಾಗಿ ಬರೆದದ್ದು’ ಅಂತ ಸಮಯ ಹಾಕಿ ಸೇರಿಸಿ. ಖಾಲಿ ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ), ಸಿರಿಂಜ್ ಎಸೆಯಬೇಡಿ. ಆಡಳಿತದವರು ಬರೆದುಕೊಟ್ಟ ಹೇಳಿಕೆಗೆ ನಿಮ್ಮದೇ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ, ಆಸ್ಪತ್ರೆಯ ವಕೀಲರು ಆಸ್ಪತ್ರೆಯವರೇ. ಸ್ವಂತ ಹೆಸರಲ್ಲಿ ವೃತ್ತಿ ವಿಮೆ ಸಿಗುವ ಕಡೆ ಮಾಡಿಸಿಡಿ.