ಆರಡಿ ಟ್ಯಾಂಕಿಗೆ ಯಾವ ಸಿಕ್ಲಿಡ್‌ಗಳು ಒಟ್ಟಿಗೆ ಹೊಂದುತ್ತವೆ?

ಗಾಜಿನಮನೆ:
ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್. ಮರಳು, ಮರದ ತುಂಡುಗಳ ಜಾಗ ಕಳೆದರೆ ಸುಮಾರು 550 ಲೀಟರ್ ನೀರು. ನಲ್ಲಿ ನೀರಿನ ಪಿಎಚ್ 7.4, ಜಿಎಚ್ (ಗಡಸುತನ) 8. ಎರಡು ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡೋದು) ಓಡ್ತಿವೆ, ಸೈಕಲ್ (ಗಲೀಜಿನ ವಿಷ ಕಳೆಯೋ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ಬೆಳೆಯೋದು) ಮುಗಿದಿದೆ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ. ತರಬೇಕು ಅಂತಿರೋ ಮೀನುಗಳ ಪಟ್ಟಿ ಹೀಗಿದೆ, ಕೊನೆಯ ನಿಯಾನ್ ಬಿಟ್ಟು ಎಲ್ಲವೂ ಸಿಕ್ಲಿಡ್ ಅನ್ನೋ ಮೀನು ಕುಟುಂಬದವು: ಆಸ್ಕರ್ 2, ಏಂಜಲ್ 4, ಕನ್ವಿಕ್ಟ್ ಒಂದು ಜೋಡಿ, ಯೆಲ್ಲೋ ಲ್ಯಾಬ್ 6, ಸೆವರಮ್ 2, ಬ್ಲೂ ರ‍್ಯಾಮ್ 4, ನಿಯಾನ್ ಟೆಟ್ರಾ 20. ಟ್ಯಾಂಕ್ ದೊಡ್ಡದು ಅಂತ ಇಷ್ಟನ್ನೂ ಒಟ್ಟಿಗೆ ಬಿಡಬಹುದಾ? ಯಾವುದು ಬೇಡ ಅಂತೀರೋ ಅದಕ್ಕೆ ಕಾರಣಾನೂ ಹೇಳಿ.

ಮರಳುತಳ:
ಈ ಪಟ್ಟಿಯಲ್ಲಿ ಮೂರು ಟ್ಯಾಂಕಿನ ಮೀನು ಬೆರೆತಿವೆ ರೀ. ಲೀಟರ್ ಲೆಕ್ಕ ಆಮೇಲೆ. ಪೂರ್ತಿ ಬೆಳೆದಾಗ ಮೀನು ಎಷ್ಟುದ್ದ, ಮೊಟ್ಟೆ ಇಟ್ಟಾಗ ಅದರ ವರ್ತನೆ ಹೇಗೆ, ಮೊದಲು ಇವೆರಡನ್ನ ನೋಡಿ. ಕೊಳ್ಳುವಾಗ ಎಲ್ಲವೂ ನಾಲ್ಕು ಸೆಂಟಿಮೀಟರಿನ ಮರಿಗಳು, ಎಲ್ಲವೂ ಸಾಧು ಪ್ರಾಣಿಗಳೇ.

ಆಸ್ಕರ್ 30 ಸೆಂ.ಮೀ. ಮುಟ್ಟುತ್ತೆ. ಬಾಯಿಗೆ ಹಿಡಿಸಿದ್ದನ್ನ ನುಂಗುತ್ತೆ, ಹಾಗಾಗಿ ನಿಯಾನ್ ಮತ್ತು ರ‍್ಯಾಮ್ ಉಳಿಯಲ್ಲ. ಅದು ಹಾಕುವ ಗಲೀಜೂ ಅಷ್ಟೇ ಜೋರು. ಆಸ್ಕರ್ ಬೇಕೇ ಬೇಕು ಅಂದ್ರೆ ಈ ಟ್ಯಾಂಕನ್ನ ಆ ಎರಡಕ್ಕೇ ಬಿಟ್ಟುಕೊಡಿ, ಉಳಿದ ಪಟ್ಟಿ ಹರಿದುಹಾಕಿ.

ಕನ್ವಿಕ್ಟ್ ಗಾತ್ರದಲ್ಲಿ ಚಿಕ್ಕದು, ತೊಂದರೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಗಂಡು ಹೆಣ್ಣು ಇದ್ದರೆ ಮೊಟ್ಟೆ ಗ್ಯಾರಂಟಿ. ಮರಿ ಕಾಯುವಾಗ ತನ್ನ ಎರಡರಷ್ಟಿರೋ ಮೀನನ್ನೂ ಅಟ್ಟಾಡಿಸುತ್ತೆ. ಆರಡಿಯಲ್ಲಿ ನಾಲ್ಕಡಿ ಆ ಜೋಡಿಗೆ, ಇನ್ನುಳಿದವೆಲ್ಲ ಒಂದು ಮೂಲೆಗೆ. ಆ ಮರಿ ದೊಡ್ಡದಾಗೋ ಮೊದಲೇ ಮತ್ತೆ ಮೊಟ್ಟೆ.

ಯೆಲ್ಲೋ ಲ್ಯಾಬ್ ಆಫ್ರಿಕಾದ ಮಲಾವಿ ಸರೋವರದ್ದು. 7.4ರಲ್ಲಿ ಸತ್ತೇನೂ ಹೋಗಲ್ಲ, ಆದರೆ ಅದಕ್ಕೆ ಒಗ್ಗೋದು ಗಡಸು ನೀರು, ಪಿಎಚ್ 7.8ರಿಂದ 8.6. ಅದಕ್ಕಿಂತ ಮುಖ್ಯ, ಅದರ ಜಗಳದ ರೀತಿಯೇ ಬೇರೆ: ದಿನವಿಡೀ ಚುರುಕಾಗಿ ನುಗ್ಗೋದು, ಚುಚ್ಚೋದು. ನಿಧಾನಸ್ಥ ಏಂಜಲ್‌ಗೆ ಅದನ್ನ ತಡೆಯೋ ಶಕ್ತಿ ಇಲ್ಲ.

ಬ್ಲೂ ರ‍್ಯಾಮ್‌ಗೆ 28ರಿಂದ 30 ಡಿಗ್ರಿ ಬೇಕು, ಉಳಿದವು 26ಕ್ಕೆ ಆರಾಮ. ಅದರ ಬದಲು ಬೊಲಿವಿಯನ್ ರ‍್ಯಾಮ್ ತಗೊಳ್ಳಿ, 25-26ರಲ್ಲಿ ಚೆನ್ನಾಗಿರುತ್ತೆ, ಗಟ್ಟಿ ಮೀನು. ಇನ್ನು ನಿಯಾನ್ ಅಂದ್ರೆ ದೊಡ್ಡ ಏಂಜಲ್‌ಗೆ ರಾತ್ರಿಯೂಟ.

ನಾನಾದರೆ ದಕ್ಷಿಣ ಅಮೆರಿಕದ ಗುಂಪು ಮಾಡ್ತೀನಿ: ಜಿಯೋಫಾಗಸ್ 6 (ಮರಳು ಸೋಸಿ ತಿನ್ನೋ ಸಿಕ್ಲಿಡ್, ಅದರಲ್ಲಿ ರೆಡ್ ಹೆಡ್ ತಪಾಜೋಸ್ ಒಳ್ಳೇದು, ಸುಮಾರು 20 ಸೆಂ.ಮೀ.), ಸೆವರಮ್ 1, ಕೀಹೋಲ್ ಅನ್ನೋ ಸಾಧು ಸಿಕ್ಲಿಡ್ 4, ತಳಕ್ಕೆ ಬ್ರಿಸಲ್‌ನೋಸ್ ಪ್ಲೆಕೋ 2. ಮೇಲ್ಗಡೆ ಓಡಾಡೋಕೆ ಕಾಂಗೋ ಟೆಟ್ರಾ 12. ಅದು ಆಫ್ರಿಕಾದ್ದು ನಿಜ, ಆದರೆ ಮೆದು ನೀರಿನದ್ದು, ಏಳೆಂಟು ಸೆಂಟಿಮೀಟರ್ ಬೆಳೆಯೋದರಿಂದ ಯಾರ ಬಾಯಿಗೂ ಹೋಗಲ್ಲ. ಮೇಲೆ ಟೆಟ್ರಾ ನಿರಾಳವಾಗಿ ಈಜುತ್ತಿದ್ದರೆ ಸಿಕ್ಲಿಡ್‌ಗಳೂ ಧೈರ್ಯವಾಗಿ ಹೊರಗೆ ಬರುತ್ತವೆ. ಮಾಮೂಲಿ ಪ್ಲೆಕೋ ಮಾತ್ರ ತರಬೇಡಿ, ಅದು 40 ಸೆಂ.ಮೀ. ಆಗುತ್ತೆ.

ಗಾಜಿನಮನೆ:
ಥ್ಯಾಂಕ್ಸ್. ಆಸ್ಕರ್, ಕನ್ವಿಕ್ಟ್ ಬಿಟ್ಟೆ. ಆದರೆ ಏಂಜಲ್ ಬಿಡೋಕೆ ಮನಸ್ಸಿಲ್ಲ. ಸೆವರಮ್ ಒಂದೇ ಯಾಕೆ, ಜೋಡಿ ತಂದರೆ ಏನಾಗುತ್ತೆ? ಕೆಳಗೆ ಈಗ ಮೂರ್ನಾಲ್ಕು ಮಿಲಿಮೀಟರಿನ ಜಲ್ಲಿ ಇದೆ, ಅದು ನಡೆಯುತ್ತಾ?

ಕಲ್ಲುಸಂದು:
ಜಲ್ಲಿ ತೆಗೀರಿ, ಜಿಯೋಫಾಗಸ್‌ಗೆ ಅದು ಶಿಕ್ಷೆ. ಆ ಮೀನು ಊಟ ಮಾಡೋದನ್ನ ಹತ್ತಿರದಿಂದ ನೋಡಿ: ಮೂತಿಯನ್ನ ಕಣ್ಣಿನ ತನಕ ಮರಳಿಗೆ ಚುಚ್ಚಿ ಒಂದು ಬಾಯಿ ತುಂಬಿಕೊಂಡು, ತಲೆ ಎತ್ತಿ ಜಗಿದು, ತಿನ್ನೋದನ್ನ ಒಳಗೆ ಉಳಿಸಿಕೊಂಡು ಮರಳನ್ನ ಕಿವಿರಿನ ಸಂದಿನಿಂದ ಉದುರಿಸುತ್ತೆ. ದಪ್ಪ ಜಲ್ಲಿಯಲ್ಲಿ ಇದು ಆಗೋ ಮಾತಲ್ಲ, ಚೂಪು ಅಂಚಿದ್ದರೆ ಬಾಯಿ, ಕಿವಿರು ಎರಡೂ ಗಾಯ. ಒಂದು ಮಿಲಿಮೀಟರಿಗಿಂತ ಸಣ್ಣ, ದುಂಡು ಕಣದ ಮರಳು ನಾಲ್ಕು ಸೆಂಟಿಮೀಟರ್ ದಪ್ಪ ಸಾಕು. ಬಕೆಟ್ಟಲ್ಲಿ ನೀರು ತಿಳಿಯಾಗೋವರೆಗೂ ತೊಳೀರಿ. ಕ್ಯಾನಿಸ್ಟರಿನ ಹೀರುಕೊಳವೆಯ ಬಾಯಿ ಮರಳಿನಿಂದ 15 ಸೆಂ.ಮೀ. ಮೇಲಿರಲಿ, ಅದಕ್ಕೆ ಸ್ಪಂಜ್ ಹಾಕಿ. ಇಲ್ಲಾಂದ್ರೆ ಅವು ಎಬ್ಬಿಸಿದ ಮರಳು ಫಿಲ್ಟರಿನೊಳಗೆ ನೀರು ತಳ್ಳೋ ಚಕ್ರವಾದ ಇಂಪೆಲ್ಲರ್‌ಗೆ ಹೋಗಿ ಕರಕರ ಅನ್ನೋಕೆ ಶುರುವಾಗುತ್ತೆ. ಕಲ್ಲು ಇಡೋದಾದ್ರೆ ಮರಳಿನ ಮೇಲಲ್ಲ, ತೆಳು ಥರ್ಮಾಕೋಲ್ ಹಾಸಿ ಅದರ ಮೇಲೆ ಮೊದಲು ಕಲ್ಲು, ಆಮೇಲೆ ಸುತ್ತ ಮರಳು. ಮರಳಿನ ಮೇಲಿಟ್ಟರೆ ಮೀನು ಬುಡ ತೋಡಿದಾಗ ಕಲ್ಲು ಉರುಳಿ ಗಾಜು ಸೀಳುತ್ತೆ.

ಸೆವರಮ್ ವಿಷಯ. ಮರಿಯಲ್ಲಿ ಗಂಡು ಹೆಣ್ಣು ಗೊತ್ತಾಗಲ್ಲ. ಹಸಿರು ಸೆವರಮ್‌ನಲ್ಲಿ ದೊಡ್ಡದಾದ ಮೇಲೆ ಗಂಡಿನ ಮುಖದ ಮೇಲೆ ಹುಳು ಹರಿದಂಥ ಗೆರೆ ಬರುತ್ತೆ, ಗೋಲ್ಡ್ ಬಗೆಯಲ್ಲಿ ಅದೂ ಸರಿಯಾಗಿ ಕಾಣಲ್ಲ. ಎರಡೂ ಗಂಡಾದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡ್ತವೆ. ಗಂಡು ಹೆಣ್ಣೇ ಸಿಕ್ಕರೆ ಜೋಡಿಯಾಗಿ ಅರ್ಧ ಟ್ಯಾಂಕಿಗೆ ಬೇಲಿ ಹಾಕ್ತವೆ. ಒಂದೇ ಸೆವರಮ್‌ಗೆ ಕಾಯೋಕೆ ಮೊಟ್ಟೆ ಇಲ್ಲ, ಹೀಗಾಗಿ ಜಗಳಕ್ಕೆ ಕಾರಣವೂ ಕಮ್ಮಿ.

ಏಂಜಲ್ ಬೇಕಾದ್ರೆ ಸೆವರಮ್ ಬಿಡಿ ಅಂತೀನಿ ನಾನು. ಎರಡೂ ಟ್ಯಾಂಕಿನ ನಡುಮಟ್ಟದಲ್ಲೇ ಇರೋವು, ಊಟದ ಹೊತ್ತಿಗೆ ಸೆವರಮ್ ನುಗ್ಗಿದರೆ ಏಂಜಲ್ ಹಿಂದೆ ಸರಿಯುತ್ತೆ, ದಿನದಿನಕ್ಕೂ ಸೊರಗುತ್ತೆ. ಹಾಗಂತ ಏಂಜಲ್ಲೇನೂ ಪಾಪದ್ದಲ್ಲ, ಜೋಡಿಯಾದರೆ ಅದೂ ತಿರುಗಿ ಬೀಳುತ್ತೆ. ಆರು ಮರಿ ಒಟ್ಟಿಗೆ ಬೆಳೆಸಿ, ಯಾವುದಾದರೂ ಜೋಡಿ ಕಟ್ಟಿ ಉಳಿದವನ್ನ ಮೂಲೆಗೆ ಒತ್ತಿದರೆ ಆ ಜೋಡಿಯನ್ನೇ ಬೇರೆ ಮಾಡಿ. ಟೈಗರ್ ಬಾರ್ಬ್, ಬ್ಲ್ಯಾಕ್ ಸ್ಕರ್ಟ್ ಟೆಟ್ರಾ ಇವಕ್ಕೆ ಏಂಜಲ್‌ನ ಉದ್ದ ರೆಕ್ಕೆ ಕಂಡರೆ ಕಿತ್ತೇ ತೀರಬೇಕು, ಅವು ಬೇಡ.

ಮರಳುತಳ:
ಏಂಜಲ್ ಸೆವರಮ್ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಏಂಜಲ್ ಮೊದಲೇ ಅಂಗೈ ಅಗಲ ಬೆಳೆದಿದ್ದು, ಸೆವರಮ್ ಮರಿಯಾಗಿ ಬಂದರೆ ನಡೆಯುತ್ತೆ. ತಿರುಗುಮುರುಗಾದ್ರೆ ಕಲ್ಲುಸಂದು ಹೇಳಿದ್ದೇ ಸರಿ.

ಹನಿಹೊಳೆ:
ಯೆಲ್ಲೋ ಲ್ಯಾಬ್ ಮೇಲೇ ಮನಸ್ಸಿದ್ದರೆ ಟ್ಯಾಂಕನ್ನ ಪೂರ್ತಿ ಮಲಾವಿ ಮಾಡಿ. ಅರೆಬರೆ ಬೇಡ. ಅದೇ ಸರೋವರದ ಸಿಕ್ಲಿಡ್‌ಗಳಾದ ಪೀಕಾಕ್ ಮತ್ತು ಸಾಧು ಹ್ಯಾಪ್‌ಗಳ ಗಂಡುಗಳನ್ನ ಮಾತ್ರ, ಹನ್ನೆರಡರಿಂದ ಹದಿನೈದು, ಜೊತೆಗೆ ನಿಮ್ಮ ಆರು ಲ್ಯಾಬ್. ಹೆಣ್ಣು ಯಾಕೆ ಬೇಡ ಅಂದ್ರೆ, ಪೀಕಾಕ್‌ಗಳ ಹೆಣ್ಣುಗಳೆಲ್ಲ ಒಂದೇ ಥರದ ಬೂದುಕಂದು, ಯಾವುದು ಯಾವ ಜಾತಿ ಅಂತ ತಿಳಿಯಲ್ಲ, ಬೇರೆಬೇರೆ ಜಾತಿಯ ಗಂಡು ಹೆಣ್ಣು ಬೆರೆತು ಮಿಶ್ರತಳಿ ಹುಟ್ಟುತ್ತೆ. ಇನ್ನೊಂದು, ಒಂದೇ ಬಣ್ಣದ ಎರಡು ಗಂಡು ಬೇಡ. ಎರಡು ನೀಲಿ ಗಂಡುಗಳಲ್ಲಿ ಸೋತದ್ದು ಬಣ್ಣ ಕಳೆದುಕೊಂಡು ಮಂಕಾಗುತ್ತೆ. ಜಗಳಗಂಟ ಮಲಾವಿ ಮೀನುಗಳಾದ ಔರಾಟಸ್, ಕೆನ್ಯಿ ಹತ್ತಿರಕ್ಕೂ ಸೇರಿಸಬೇಡಿ. ವೀನಸ್ಟಸ್ ಚಂದ ಇದೆ, ಆದರೆ 25 ಸೆಂ.ಮೀ. ಬೆಳೆಯೋ ಬೇಟೆಗಾರ.

ನೀರು ಗಡಸು ಮಾಡೋಕೆ ಫಿಲ್ಟರಲ್ಲಿ ಪುಡಿ ಹವಳದ ಚೀಲ ಇಡಿ. ಕೆಎಚ್ (ಪಿಎಚ್ ಕುಸಿಯದಂತೆ ತಡೆಯೋ ಕಾರ್ಬೊನೇಟ್ ಅಂಶ) ಏರಿಸೋಕೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದ್ರೆ ಸುಮಾರು ಒಂದು ಡಿಗ್ರಿ ಏರುತ್ತೆ. ಅದನ್ನ ಟ್ಯಾಂಕಿಗೇ ಸುರಿಯಬೇಡಿ, ಬದಲಾಯಿಸೋ ನೀರಲ್ಲಿ ಕರಗಿಸಿ ವಾರವಾರ ಸ್ವಲ್ಪಸ್ವಲ್ಪವೇ ಏರಿಸಿ. ಪಿಎಚ್ 7ರಿಂದ 8ಕ್ಕೆ ಏರಿದಾಗ ಅಮೋನಿಯಾದ ವಿಷಭಾಗ ಹೆಚ್ಚುಕಮ್ಮಿ ಹತ್ತು ಪಟ್ಟಾಗುತ್ತೆ, ಹಾಗಾಗಿ ಇಲ್ಲಿ ಫಿಲ್ಟರ್ ಕೈಕೊಟ್ಟರೆ ಮೆದು ನೀರಿನಷ್ಟು ಸಮಯ ಸಿಗಲ್ಲ.

ಗಾಜಿನಮನೆ:
ಹಾಗಾದ್ರೆ ದಕ್ಷಿಣ ಅಮೆರಿಕವೇ. ಏಂಜಲ್ 6, ಜಿಯೋಫಾಗಸ್ 6, ಕೀಹೋಲ್ 4, ಬ್ರಿಸಲ್‌ನೋಸ್ 2, ಕಾಂಗೋ 12. ಸೆವರಮ್ ಸದ್ಯಕ್ಕೆ ಇಲ್ಲ, ಬೊಲಿವಿಯನ್ ರ‍್ಯಾಮ್ ಬೇಕಾದ್ರೆ ಆಮೇಲೆ. ಎಲ್ಲವನ್ನೂ ಒಂದೇ ದಿನ ಬಿಡಲಾ?

ಮರಳುತಳ:
ಬೇಡ. ಸೈಕಲ್ ಮುಗಿದಿದ್ದರೂ ಫಿಲ್ಟರಿನ ಬ್ಯಾಕ್ಟೀರಿಯಾ ಇಷ್ಟೊಂದು ಬಾಯಿಗೆ ತಯಾರಿಲ್ಲ. ಮೊದಲು ಕಾಂಗೋ. ನಾಲ್ಕು ವಾರ ಬಿಟ್ಟು ಏಂಜಲ್ ಆರೂ ಒಟ್ಟಿಗೆ, ಮತ್ತೆ ನಾಲ್ಕು ವಾರಕ್ಕೆ ಕೀಹೋಲ್ ಮತ್ತು ಬ್ರಿಸಲ್‌ನೋಸ್, ಕೊನೆಗೆ ಜಿಯೋಫಾಗಸ್ ಆರೂ ಒಂದೇ ಸಲ. ಸಾಧು ಮೀನು ಮೊದಲು, ದಾಂಡಿಗ ಕೊನೆಗೆ. ಒಂದು ಜಾತಿಯನ್ನ ಇವತ್ತು ಎರಡು, ಮುಂದಿನ ತಿಂಗಳು ಎರಡು ಅಂತ ತಂದರೆ ಮೊದಲು ಬಂದವು ಆಮೇಲಿನವನ್ನ ಹೊಡೀತವೆ. ಪ್ರತಿ ಗುಂಪೂ ಮೂರ್ನಾಲ್ಕು ವಾರ ಬೇರೆ ಟ್ಯಾಂಕಲ್ಲಿ ಇದ್ದು ಬರಲಿ. ಬಿಳಿ ಚುಕ್ಕೆ ರೋಗ, ದಾರದಂಥ ಬಿಳಿ ಮಲ, ಮಲದ್ವಾರದಲ್ಲಿ ಕೆಂಪು ಹುಳು ಇಣುಕೋದು, ಎಲ್ಲ ಅಲ್ಲೇ ಗೊತ್ತಾಗುತ್ತೆ.

ಹೊಸ ಮೀನು ಬಿಡೋ ದಿನ ಮರದ ತುಂಡುಗಳ ಜಾಗ ಬದಲಿಸಿ, ಹಳೆಯವುಗಳ ಗಡಿ ಅಳಿಸಿಹೋಗುತ್ತೆ. ಲೈಟ್ ಆರಿಸಿ ಬಿಡಿ. ಮರವನ್ನ ಮೂರು ಗುಂಪಾಗಿ ಜೋಡಿಸಿ, ಟ್ಯಾಂಕಿನ ಈ ತುದಿಯಿಂದ ಆ ತುದಿ ನೇರ ಕಾಣಬಾರದು.

ಆಮೇಲೆ ದಿನಾ ಮೇಲಿನ ಮೂಲೆ ನೋಡಿ. ಹೀಟರ್ ಹಿಂದೆ ರೆಕ್ಕೆ ಮಡಚಿಕೊಂಡು ನಿಂತ ಮೀನು, ಹರಿದ ಬಾಲ, ಊಟಕ್ಕೆ ಬಾರದಿರೋದು. ಎರಡು ದಿನವೂ ಅದೇ ಮೀನು ಅಲ್ಲೇ ಇದ್ದರೆ ಹೊಡೆಯೋ ಮೀನನ್ನ ತೆಗೀರಿ, ಹೊಡೆಸಿಕೊಂಡದ್ದನ್ನಲ್ಲ. ಏಟು ತಿಂದದ್ದನ್ನ ತೆಗೆದರೆ ಹೊಡೆಯೋದು ಇನ್ನೊಂದನ್ನ ಆರಿಸಿಕೊಳ್ಳುತ್ತೆ ಅಷ್ಟೇ. ಒಂದು ವಾರ ಬೇರೆ ಇಟ್ಟು, ಮರ ಮತ್ತೆ ಜರುಗಿಸಿ ವಾಪಸ್ ಬಿಡಿ.

ನೀರು ವಾರಕ್ಕೆ 40 ಶೇಕಡಾ, ನೈಟ್ರೇಟ್ 20 ಪಿಪಿಎಂ ಒಳಗೆ. ಜಿಯೋಫಾಗಸ್‌ಗೆ ಹಳಸಿದ ನೀರಿನಲ್ಲಿ ತಲೆಯಲ್ಲಿ ಗುಳಿ ಬೀಳೋ ರೋಗ ಬೇಗ ಬರುತ್ತೆ.

ಗಾಜಿನಮನೆ:
ಬೇರೆ ಇಡೋಕೆ ಎಷ್ಟು ದೊಡ್ಡ ಟ್ಯಾಂಕ್ ಬೇಕು? ಯಾವಾಗಲೂ ಓಡಿಸ್ತಾನೇ ಇರಬೇಕಾ?

ಕಲ್ಲುಸಂದು:
ಮರಿಗಳಿಗೆ 80 ಲೀಟರ್ ಸಾಕು, ಜಿಯೋಫಾಗಸ್ ಆರೂ ಇರೋವಾಗ ಮಾತ್ರ ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಗುಂಪು ತರೋ ಈ ತಿಂಗಳುಗಳಲ್ಲಿ ಅದು ಓಡ್ತಾನೇ ಇರಬೇಕು. ಆಮೇಲೆ ಖಾಲಿ ಇಡಬಹುದು, ಸ್ಪಂಜ್ ಫಿಲ್ಟರನ್ನ ಮಾತ್ರ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಓಡ್ತಾ ಬಿಡಿ. ಅದರಲ್ಲಿ ಬ್ಯಾಕ್ಟೀರಿಯಾ ಜೀವಂತ ಇರುತ್ತೆ. ಜಗಳ ಆದ ದಿನ ಸಣ್ಣ ಟ್ಯಾಂಕಿಗೆ ದೊಡ್ಡ ಟ್ಯಾಂಕಿನದೇ ನೀರು ತುಂಬಿ, ಸ್ಪಂಜ್ ಎತ್ತಿ ಹಾಕಿ, 100 ವ್ಯಾಟ್ ಹೀಟರ್ ಹಚ್ಚಿ. ಕಾಯಿಲೆ ಮೀನಿಗೆ ಬಳಸಿದ ಸ್ಪಂಜನ್ನ ಮಾತ್ರ ಕುದಿಸಿ ಒಣಗಿಸದೆ ದೊಡ್ಡ ಟ್ಯಾಂಕಿಗೆ ಮತ್ತೆ ಇಳಿಸಬೇಡಿ.